ಅಳಿಸದೆ ಉಳಿದ ಟೆಸ್ಟ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯೋಪಾಧ್ಯಾಯ ಜುಲ್ಫಿಕ್ರಿಯವರೇ, ನಮ್ಮ ಕುಲದ ಹಿರಿಯರೇ, ಪಾಯಾಕುಂಬುಹ್‌ನ ಸಭಿಕರೇ,

ಈ ಸನ್ಮಾನ ನನ್ನ ಮೊಮ್ಮಗಳು ಮರ್ದಿಯಾಳದು. ಅವಳು ಬಂದಿಲ್ಲ. ಕಾರಣ ಹೇಳಲು ಅವಳ ಅಜ್ಜಿ ನಾನು, ಅವಳ ಬಾಯಲ್ಲಿ ‘ಉಚಿ’, ಬಂದಿದ್ದೇನೆ. ಹೈಸ್ಕೂಲಿಗೇ ಓದು ಮುಗಿಸಿದವಳು ನಾನು, ತಿಳಿದಷ್ಟು ಹೇಳುತ್ತೇನೆ. ತಿಳಿಯದ್ದನ್ನು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಗಂಡಸರಿಗೆ ಮಾತ್ರ ಇದೆ.

ಈ ಶಾಲೆಯ ಹಳೆಯ ಕಂಪ್ಯೂಟರುಗಳಲ್ಲೂ ಓಡುವಂಥ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಮರ್ದಿಯಾ ಕಟ್ಟಿದ್ದಾಳೆ. ಮಕ್ಕಳು ಬರೆದ ಸಾಲನ್ನು ಓದಿ ನಡೆಸಿಕೊಡುವ ಇಂಟರ್‌ಪ್ರಿಟರ್ ಅದು. ಇಂದು ಅದನ್ನು ಮಕ್ಕಳ ಕೈಗೆ ಕೊಡಬೇಕಿತ್ತು. ಕೊನೆಯಲ್ಲಿ ಸೇರಿಸಿದ್ದು ಒಂದು ಸೌಲಭ್ಯ: ಉದ್ದನೆಯ ಪಟ್ಟಿಯಿಂದ ಬೇಕಾದ ತುಂಡನ್ನಷ್ಟೇ ತೆಗೆದು ಕೊಡುವುದು. ಮೊದಲಿನಿಂದ ಎಣಿಸಿದರೂ ಸರಿ, ಹಿಂದಿನಿಂದ ಎಣಿಸಿದರೂ ಸರಿ. ಇರುವುದಕ್ಕಿಂತ ಹೆಚ್ಚು ಕೇಳಿದರೆ ಇದ್ದಷ್ಟು ಕೊಡಬೇಕು. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಲು ಅವಳೇ ಬರೆದಿಟ್ಟ ಟೆಸ್ಟುಗಳೆಲ್ಲ ಪಾಸಾದವು. ನಾನು ಊರಿಗೆಲ್ಲ ಆಹ್ವಾನ ಕೊಟ್ಟೆ.

ಆಮೇಲೆ ಅವಳು ಇನ್ನೊಂದು ಟೆಸ್ಟ್ ಬರೆದಳು. ಯಾರು ಕೇಳಿದ್ದರು? ಮಕ್ಕಳ ಹೆಸರಿನ ಪಟ್ಟಿಯಿಂದ ತುಂಡು ತೆಗೆದು, ಆ ತುಂಡಿನಲ್ಲಿ ಒಂದು ಹೆಸರು ಬದಲಿಸಿದಳು. ಮೂಲ ಪಟ್ಟಿಯಲ್ಲೂ ಹೆಸರು ಬದಲಾಗಿಹೋಯಿತು, ಟೆಸ್ಟ್ ಫೇಲಾಯಿತು. ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಉಳಿಸಲೆಂದು ಅವಳು ತುಂಡಿಗೆ ಬೇರೆ ಪ್ರತಿ ಮಾಡಿರಲಿಲ್ಲ. ಮೂಲದ ಮೇಲೆಯೇ ಇಲ್ಲಿಂದ ಇಲ್ಲಿಯವರೆಗೆ ಎಂದು ಗುರುತು ಹಾಕಿದ್ದಳು.

ನಮ್ಮ ಮದುವೆಗಳಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವುದಿಲ್ಲವೇ, ಹಾಗೆ ಮಾಡಿಬಿಟ್ಟೆ ಎಂದಳು. ಅದರಲ್ಲಿ ತಪ್ಪೇನು ಎಂದು ಕೇಳಿದೆ.

“ತಟ್ಟೆ ಸುತ್ತ ಕೂತೋರಿಗೆ ತಟ್ಟೆ ಒಂದೇ ಅಂತ ಕಾಣುತ್ತೆ ಉಚಿ. ಈ ಮಕ್ಕಳಿಗೆ ಕಾಣಲ್ಲ. ತಮ್ಮ ಪಾಲಿಗೆ ಸಂಬಾಲ್ ಖಾರ ಹಾಕ್ಕೊಂಡೆ ಅಂದ್ಕೋತಾರೆ, ಪಕ್ಕದೋನ ಬಾಯಿ ಉರಿಯುತ್ತೆ.”

ಆ ಒಂದು ಟೆಸ್ಟ್ ಅಳಿಸಿಬಿಟ್ಟರೆ ಕಾರ್ಯಕ್ರಮ ನಡೆಯುತ್ತದಲ್ಲ ಎಂದು ಜುಲ್ಫಿಕ್ರಿಯವರು ಫೋನಿನಲ್ಲಿ ಹೇಳಿದರು. ನಗಬೇಡಿ, ನಾನೂ ಅದನ್ನೇ ಹೇಳಿದೆ. ಅಧ್ಯಕ್ಷರಿಗೆ ಮಾತು ಕೊಟ್ಟವಳು ನಾನಲ್ಲವೇ? ಹಿರಿಯರು ಮಾತು ಕೊಟ್ಟ ಮೇಲೆ ಕಿರಿಯರು ನಡೆಸಿಕೊಡಬೇಕು. ಅವಳ ತಾಯಿಯನ್ನೂ ನಾನು ಹೀಗೆಯೇ ಬೆಳೆಸಿದೆ. ಅವಳ ತಾಯಿ ಒಮ್ಮೆಯೂ ಎದುರು ಮಾತಾಡಲಿಲ್ಲ. ಈಗ ಜಕಾರ್ತಾದಿಂದ ಹಬ್ಬಕ್ಕೆ ಮಾತ್ರ ಫೋನು ಮಾಡುತ್ತಾಳೆ.

ಮರ್ದಿಯಾ ಎದುರು ಮಾತಾಡಿದಳು. “ಟೆಸ್ಟ್ ಅಳಿಸಲ್ಲ. ಬೇಕಿದ್ರೆ ನನ್ನ ಹೆಸರು ಅಳಿಸಿ.”

ಆದ್ದರಿಂದ ಇಂದು ಪ್ರದರ್ಶನವಿಲ್ಲ. ಪ್ರತಿ ತುಂಡಿಗೂ ಬೇರೆ ನಕಲು ಸಿಗುವಂತೆ ಅವಳು ಮತ್ತೆ ಬರೆಯುತ್ತಿದ್ದಾಳೆ; ಇಲ್ಲಿಯ ಕಂಪ್ಯೂಟರುಗಳಲ್ಲಿ ಅದಕ್ಕೆ ಜಾಗ ಸಾಲುತ್ತದೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಕೊಟ್ಟ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ. ನಮ್ಮ ಮನೆತನದಲ್ಲಿ ಇದು ಮೊದಲು. ಅವಳಿಗೆಂದು ತಂದ ಈ ಸನ್ಮಾನ ಫಲಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತೇನೆ. ಅದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಅವಳು ಹೇಳುತ್ತಾಳೆ, ನಾನಲ್ಲ.

ಬಿಸಿಲಲ್ಲಿ ಬಂದು ಇಷ್ಟು ಹೊತ್ತು ಕೂತ ನಿಮಗೆಲ್ಲ ವಂದನೆ. ನಮಸ್ಕಾರ.