ಗೊಲ್ಲಾಳಮ್ಮನವರು ದೊಡ್ಡ ದೋಣಿ ಹತ್ತಿದ್ದು

ಮಲ್ಲಿಕಮ್ಮ ಗಂಡ ದಿ. ಮಾನಪ್ಪ, ವಯಸ್ಸು 59 ವರ್ಷ, ಉದ್ಯೋಗ ಸೀರೆ ಅಂಗಡಿ, ಸಾ|| ಸುರಪುರ, ಜಿ|| ಯಾದಗಿರಿ. ಶಹಾಪುರ ಠಾಣೆಯಿಂದ ಬಂದ ನೋಟಿಸಿನಂತೆ ಇಂದು ಸಾಹೇಬರ ಮುಂದೆ ಹಾಜರಾಗಿ, ನಾನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದನ್ನು ಈ ಮೂಲಕ ತಿಳಿಸುವುದೇನೆಂದರೆ:

ಶಹಾಪುರದಲ್ಲಿ ಪ್ರವಾಸದ ಕಚೇರಿ ನಡೆಸುವ ಪರಿಮಳಾ ಎಂಬುವರು ಕಳೆದ ಜುಲೈ ತಿಂಗಳಲ್ಲಿ ನಮ್ಮ ಕಡೆಯ ಒಂಬತ್ತು ಜನರನ್ನು ಅಮೆರಿಕದ ಅಲಾಸ್ಕಾ ರಾಜ್ಯಕ್ಕೆ ಕರೆದುಕೊಂಡು ಹೋಗಿದ್ದರು. ಅವರಲ್ಲಿ ನಾನೂ ಒಬ್ಬಳು. ಶಹಾಪುರದ ಹತ್ತಿ ವ್ಯಾಪಾರಿ ಶಿವರಾಜ ಮತ್ತು ಅವರ ತಾಯಿ ಗೊಲ್ಲಾಳಮ್ಮ, ವಯಸ್ಸು 73, ಇವರೂ ಬಂದಿದ್ದರು. ಗೊಲ್ಲಾಳಮ್ಮನವರಿಗೂ ನನಗೂ ಎಲ್ಲ ಕಡೆ ಒಂದೇ ಕೋಣೆ ಕೊಟ್ಟಿದ್ದರು. ದಿನಾಂಕ 18-7-2024ರಂದು ಪರಿಮಳಾ ಅವರು ಗೊಲ್ಲಾಳಮ್ಮನವರನ್ನು ಮಗನಿಗೆ ತಿಳಿಸದೆ ಜಬರದಸ್ತಿಯಿಂದ ಸಮುದ್ರಕ್ಕೆ ಕರೆದೊಯ್ದರು, ಅದರಿಂದ ತಾಯಿಯ ಜೀವಕ್ಕೆ ಅಪಾಯವಾಯಿತು ಎಂದು ಶಿವರಾಜ ಅವರು ದೂರು ಕೊಟ್ಟಿರುವುದಾಗಿ ಸಾಹೇಬರು ನನಗೆ ಓದಿ ಹೇಳಿದರು. ಆ ದಿನ ಆ ದೋಣಿಯಲ್ಲಿ ನಾನಿದ್ದೆ.

ದಿನಾಂಕ 15-7-2024, ಸೋಮವಾರ ಸಂಜೆ ನಾವು ಸೀವರ್ಡ್ ಎಂಬ ಊರು ಮುಟ್ಟಿದೆವು. ಅದು ಸಣ್ಣ ಊರು. ಸುತ್ತ ಗುಡ್ಡ, ಗುಡ್ಡದ ತಲೆಯ ಮೇಲೆಲ್ಲ ಬರ್ಫ, ಒಂದು ಕಡೆ ಸಮುದ್ರ. ಜುಲೈ ಆದರೂ ಸ್ವೆಟರ್ ಇಲ್ಲದೆ ಹೊರಗೆ ನಿಲ್ಲಲು ಆಗುತ್ತಿರಲಿಲ್ಲ.

ಊಟವಾದ ಮೇಲೆ ಪರಿಮಳಾ ಅವರು ನಮ್ಮನ್ನೆಲ್ಲ ಹೋಟೆಲಿನ ಕೆಳಗಿನ ಹಾಲಿನಲ್ಲಿ ಕೂಡಿಸಿ, ಇಲ್ಲಿ ಏನೇನು ನೋಡಬಹುದು ಎಂದು ತಿಳಿಸಿದರು. ಸಣ್ಣ ದೋಣಿಯ ಪ್ರವಾಸ ಅರ್ಧ ದಿನದ್ದು, ಕೊಲ್ಲಿಯ ಒಳಗೇ ಸುತ್ತುತ್ತದೆ, ನೀರು ಶಾಂತವಾಗಿರುತ್ತದೆ, ಪಕ್ಷಿ ಪ್ರಾಣಿ ಕಾಣುತ್ತವೆ, ಆದರೆ ಬರ್ಫದ ಗೋಡೆಯ ತನಕ ಹೋಗುವುದಿಲ್ಲ ಎಂದರು. ದೊಡ್ಡ ದೋಣಿ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅದು ಕೊಲ್ಲಿ ದಾಟಿ ಬಯಲು ಸಮುದ್ರಕ್ಕೆ ಬಿದ್ದು, ಹಿಮನದಿ ನೇರ ನೀರಿಗೆ ಇಳಿಯುವ ಜಾಗದ ಎದುರಿಗೆ ಹೋಗಿ ನಿಲ್ಲುತ್ತದೆ, ನಡುವೆ ಅಲೆ ಎತ್ತಿ ಹಾಕುತ್ತದೆ ಎಂದರು. ದೋಣಿ ಒಲ್ಲದವರಿಗೆ ದಡದ ಮೇಲೆ ಮೀನಿನ ಪ್ರದರ್ಶನಾಲಯವಿದೆ, ಕಾರಿನಲ್ಲಿ ಹೋಗಿ ನಡೆದು ನೋಡುವ ಇನ್ನೊಂದು ಹಿಮನದಿಯಿದೆ, ಹೊಳೆಯಲ್ಲಿ ಮೀನು ಹಿಡಿಯುವುದಿದೆ ಎಂದೂ ತಿಳಿಸಿದರು.

ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ಅವರು ಹೇಳಲಿಲ್ಲ. ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ಮೊಣಕಾಲು ಹೇಗಿದೆ, ಬಿ.ಪಿ. ಗುಳಿಗೆ ಯಾವುದು, ಬಸ್ಸಿನಲ್ಲಿ ವಾಂತಿ ಆಗುತ್ತದೆಯೇ, ಚಳಿ ತಡೆಯುತ್ತದೆಯೇ ಎಂದು ಕೇಳಿದರು. ನಾನು ಅವರ ಜೊತೆ ಹಿಂದೆ ಕಾಶಿಗೂ ಹೋಗಿದ್ದೇನೆ. ಇಷ್ಟು ತಾಳ್ಮೆಯಿಂದ ಕೇಳುವವರನ್ನು ನನ್ನ ಮನೆಯಲ್ಲೂ ಕಂಡಿಲ್ಲ.

ಗೊಲ್ಲಾಳಮ್ಮನವರ ಸರದಿ ಬಂದಾಗ ಶಿವರಾಜ ಅವರೇ ಉತ್ತರ ಕೊಟ್ಟು, "ಅವ್ವಗ ದೋಣಿ ಬ್ಯಾಡ. ಖೋಲಿ ಕಿಡಕ್ಯಾಗಿಂದ ಸಮುದ್ರ ಕಾಣ್ತದ, ಸಾಕು" ಎಂದರು. ಪರಿಮಳಾ ಅವರು ಆಗಲಿ ಅಣ್ಣಾರ ಎಂದು ಹೇಳಿ, ಮುದುಕಿಯ ಕಡೆಗೇ ತಿರುಗಿ, "ಆಯಿ, ನಿಮಗ ಏನ್ ನೋಡ್ಬೇಕು ಅನಸ್ತದ?" ಎಂದು ಕೇಳಿದರು. ಗೊಲ್ಲಾಳಮ್ಮನವರು, "ಬರ್ಫ ನೀರಾಗ ಬೀಳಾದು ನೋಡ್ಬೇಕು. ಅದರ ಸಪ್ಪಳ ಕೇಳ್ಬೇಕು" ಎಂದರು. ಶಿವರಾಜ ಅವರು ಎದ್ದು ಹೊರಗೆ ಹೋದರು.

ಮಂಗಳವಾರ ಗಾಳಿ ಮಳೆ ಜೋರಿತ್ತು. ಉಳಿದವರು ದೊಡ್ಡ ದೋಣಿಗೆ ಹೋಗೋಣ ಎಂದು ಎಷ್ಟು ಒತ್ತಾಯ ಮಾಡಿದರೂ ಪರಿಮಳಾ ಅವರು ಒಪ್ಪದೆ, ಬಂದರಿಗೆ ಹೋಗಿ ಹವಾಮಾನ ಕೇಳಿಕೊಂಡು ಬಂದು, ಗುರುವಾರ ಸಮುದ್ರ ಶಾಂತವಾಗುವ ಸೂಚನೆಯಿದೆ ಎಂದು ತಿಳಿಸಿದರು. ಆ ದಿನ ದೊಡ್ಡ ದೋಣಿ ಹತ್ತಿದ ಬೇರೆ ಪ್ರವಾಸಿಗರು ಅರ್ಧ ದಾರಿಯಿಂದಲೇ ತಿರುಗಿ ಬಂದು, ಮುಖ ಬಿಳಿಚಿಕೊಂಡು ಕಂಬಿ ಹಿಡಿದು ಇಳಿಯುವುದನ್ನು ನಾನು ನೋಡಿದೆ.

ಬುಧವಾರ ನಾನು ಸಣ್ಣ ದೋಣಿಗೆ ಹೋದೆ. ನೀರುನಾಯಿಯೊಂದು ಅಂಗಾತ ಮಲಗಿ, ಮರಿಯನ್ನು ಎದೆಯ ಮೇಲೆ ಇಟ್ಟುಕೊಂಡು ತೇಲುತ್ತಿತ್ತು. ಅಷ್ಟಕ್ಕೇ ನನ್ನ ಪ್ರವಾಸ ಸಾರ್ಥಕ ಎನಿಸಿತು. ಗೊಲ್ಲಾಳಮ್ಮನವರನ್ನೂ ಪರಿಮಳಾ ಅವರು, ಅಣ್ಣಾರನ್ನು ಒಪ್ಪಿಸುತ್ತೇನೆಂದು ಹೇಳಿ ಕರೆದಿದ್ದರು. ಇದು ಬರ್ಫದ ತನಕ ಹೋಗುತ್ತದೆಯೇ ಎಂದು ಮುದುಕಿ ಕೇಳಿದರು. ಇಲ್ಲ ಎಂದಾಗ, "ಹಂಗಾರ ನಾ ಯಾಕ ಬರ್ಲಿ? ನೀರು ಭಾಳ ನೋಡೀನಿ" ಎಂದು ಕೋಣೆಯಲ್ಲೇ ಉಳಿದರು.

ದಿನಾಂಕ 18-7-2024, ಗುರುವಾರ ಬೆಳಿಗ್ಗೆ ಆರು ಗಂಟೆಗೆ ಶಿವರಾಜ ಅವರು ತಮ್ಮ ಗೆಳೆಯ ಸಂಜುಕುಮಾರ ಅವರ ಜೊತೆ, ಹೊಳೆಯಲ್ಲಿ ಮೀನು ಹಿಡಿಯುವುದನ್ನು ನೋಡಲು ಜೀಪಿನಲ್ಲಿ ಒಳನಾಡಿಗೆ ಹೋದರು. ಶಿವರಾಜ ಅವರು ಅಲ್ಲಿಯ ತನಕ ಸಮುದ್ರದ ಅಂಚಿಗೆ ಒಮ್ಮೆಯೂ ಬಂದವರಲ್ಲ. ಏಳು ಗಂಟೆಗೆ ನಾನು ಎದ್ದಾಗ ಗೊಲ್ಲಾಳಮ್ಮನವರು ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಕೋಟು ತೊಟ್ಟು, ಕೋಲು ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ಕೋಟು ಅವರ ಮೊಣಕಾಲಿನ ತನಕ ಬಂದಿತ್ತು.

ಕೆಳಗೆ ಬಂದು ಪರಿಮಳಾ ಅವರಿಗೆ, ನಾನೂ ದೊಡ್ಡ ದೋಣಿಗೆ ಬರುತ್ತೇನೆ ಎಂದು ಹೇಳಿದರು. ಪರಿಮಳಾ ಅವರು ಸ್ಪಷ್ಟವಾಗಿ, ಅಣ್ಣಾರ ಮಾತಿಲ್ಲದೆ ಕರೆದೊಯ್ಯುವುದಿಲ್ಲ ಎಂದರು. ನನ್ನ ಎದುರಿಗೇ ಮತ್ತೆ ಮತ್ತೆ ಫೋನ್ ಮಾಡಿದರು. ಸಿಗ್ನಲ್ ಸಿಗಲಿಲ್ಲ. ಆಗ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ, ಆಯಿ ಬರುತ್ತೇನೆ ಎನ್ನುತ್ತಿದ್ದಾರೆ, ಈ ಮಾತು ಮುಟ್ಟಿದ ಕೂಡಲೇ ಫೋನ್ ಮಾಡಿರಿ ಎಂದು ಕಳಿಸಿದರು. ಆಮೇಲೆ ಮುದುಕಿಗೆ, "ಇವತ್ತು ಬ್ಯಾಡ ಆಯಿ. ಅಣ್ಣಾರು ಹೂಂ ಅಂದ್ರ ನಾಳಿ ಹೋಗಮಿ" ಎಂದರು.

ಗೊಲ್ಲಾಳಮ್ಮನವರು, "ನಾಳಿ ಮತ್ತ ಗಾಳಿ ಬಿಟ್ರ? ನನಗೇನು ಮುಂದಿನ ವರ್ಷ ಅದ ಅಂತ ಬರದು ಕೊಟ್ಟಾರೇನು?" ಎಂದವರೇ ಬಾಗಿಲು ತಳ್ಳಿಕೊಂಡು ಹೊರಗೆ ಹೋದರು. ಬಂದರು ಅಲ್ಲಿಂದ ಸುಮಾರು ಅರ್ಧ ಕಿಲೋಮೀಟರ್. ನಾವು ಹಿಂದೆ ಓಡಿದೆವು. ಅವರು ಎಲ್ಲೂ ನಿಲ್ಲದೆ ಹೋಗಿ, ದೊಡ್ಡ ದೋಣಿಯ ಸಾಲಿನಲ್ಲಿ ಆ ಎತ್ತರದ ಬಿಳಿಯರ ನಡುವೆ ಸೇರಿ ನಿಂತರು. ಟಿಕೆಟ್ ಕೇಳಿದ ಹುಡುಗಿಗೆ ಕೋಲಿನಿಂದ ಪರಿಮಳಾ ಅವರನ್ನು ತೋರಿಸಿದರು.

ಪರಿಮಳಾ ಅವರು ಒದ್ದೆ ಹಲಗೆಯ ಮೇಲೇ ಅವರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಆಯಿ, ನಿಮಗೇನರ ಆದ್ರ ನಾ ಶಹಾಪುರದಾಗ ಮಾರಿ ಎತ್ತಿ ಅಡ್ಡಾಡಂಗಿಲ್ಲ" ಎಂದರು. ಗೊಲ್ಲಾಳಮ್ಮನವರು, "ನನಗೇನೂ ಆಗಂಗಿಲ್ಲ. ಆದ್ರೂ ಅದು ನಾ ಮಾಡ್ಕೊಂಡಿದ್ದು. ಏಳವ್ವ, ಸೀರಿ ತೊಯ್ತದ" ಎಂದರು. ಪರಿಮಳಾ ಅವರು ಎದ್ದರು.

ಆಮೇಲೆ ಅವರು ಮಾಡಿದ್ದನ್ನು ಸಾಹೇಬರು ದಯವಿಟ್ಟು ಪೂರ್ತಿ ಬರೆದುಕೊಳ್ಳಬೇಕು. ದೋಣಿಯ ಕಪ್ತಾನನನ್ನು ಕಂಡು ಮುದುಕಿಯ ವಯಸ್ಸು ಹೇಳಿದರು. ಈ ವಾರದಲ್ಲೆಲ್ಲ ಇವತ್ತೇ ಸಮುದ್ರ ಹೆಚ್ಚು ಶಾಂತವಾಗಿದೆ ಎಂದು ಆತ ಹೇಳಿದ ಮೇಲೆಯೇ ಟಿಕೆಟ್ ತೆಗೆದರು. ಅಲುಗಾಟ ಕಡಿಮೆ ಇರುವ ಕೆಳಗಿನ ಕೋಣೆಯ ನಡುವಿನ ಜಾಗ ಕೇಳಿ ಪಡೆದರು. ಊರಿನಿಂದ ಹೊರಡುವ ಮುಂಚೆಯೇ ವೈದ್ಯರಿಗೆ ತೋರಿಸಿ ಪ್ರತಿಯೊಬ್ಬರಿಗೂ ತಂದಿದ್ದ ವಾಂತಿ ತಡೆಯುವ ಗುಳಿಗೆಗಳಲ್ಲಿ ಮುದುಕಿಯದನ್ನು ಕೊಟ್ಟರು. ಕುತ್ತಿಗೆಗೆ ತಮ್ಮ ಉಣ್ಣೆಯ ಶಾಲು ಸುತ್ತಿದರು. ಬರ್ಫ ಬರುವ ತನಕ ಒಳಗೇ ಕೂಡಬೇಕು, ಹೊರಗೆ ಹತ್ತು ನಿಮಿಷ ಮಾತ್ರ, ನಾನು ಸಾಕು ಎಂದರೆ ಸಾಕು ಎಂದು ಮಾತು ತೆಗೆದುಕೊಂಡರು. ಗೊಲ್ಲಾಳಮ್ಮನವರು ಆಣೆ ಮಾಡಿದರು. ದೋಣಿ ಎಂಟೂವರೆಗೆ ಬಿಟ್ಟಿತು.

ಕೊಲ್ಲಿ ದಾಟಿದ ಮೇಲೆ ದೋಣಿ ಏರಿ ಇಳಿಯತೊಡಗಿತು. ಶಾಂತ ಸಮುದ್ರವೇ ಹೀಗಿದ್ದರೆ ಸಿಟ್ಟಿನದು ಹೇಗೋ ಎಂದುಕೊಂಡೆ. ವಾಂತಿ ಮಾಡಿಕೊಂಡವಳು ನಾನು, 73 ವರ್ಷದವರಲ್ಲ. ಗೊಲ್ಲಾಳಮ್ಮನವರು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಗೆ ಒಣಶುಂಠಿ ಹಾಕಿ, ನನ್ನ ಸಂಕಟ ಮರೆಸಲೆಂದೋ ಏನೋ ಒಂದು ಸಂಗತಿ ಹೇಳಿದರು. ಶಿವರಾಜ ಎಂಟು ವರ್ಷದವನಿದ್ದಾಗ ನಾರಾಯಣಪುರದ ಹತ್ತಿರ ಕೃಷ್ಣಾ ದಾಟುವಾಗ ಹರಗೋಲು ಮಗುಚಿತಂತೆ. ಮಗನ ಕೂದಲು ಇವರ ಕೈಗೆ ಸಿಕ್ಕಿತು. ಗಂಡ ಜಗದೇವಪ್ಪನವರು ಸಿಗಲಿಲ್ಲ. "ಅವತ್ತಿನಿಂದ ನನ್ನ ಮಗ ನನಗ ಹಳ್ಳದ ದಂಡಿಗೂ ಹೋಗಗೊಟ್ಟಿಲ್ಲ. ಅಂಜ್ತಾನ, ಪಾಪ. ನಾನೂ ಅವನ ಸಲುವಾಗಿ ಸುಮ್ಮನ ಇದ್ದೆ" ಎಂದರು. ಶಿವರಾಜ ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಸುಮಾರು ಹನ್ನೆರಡೂವರೆಗೆ ದೋಣಿ ಹಿಮನದಿಯ ಎದುರಿಗೆ ನಿಂತಿತು. ಎಂಜಿನ್ ಬಂದ್ ಮಾಡಿದರು. ಸುತ್ತ ನೀರಿನ ತುಂಬ ಬರ್ಫದ ಚೂರುಗಳು ಒಂದಕ್ಕೊಂದು ತಾಗಿ ಬಳೆ ಸಪ್ಪಳದಂತೆ ಸದ್ದು ಮಾಡುತ್ತಿದ್ದವು. ಎದುರಿಗೆ ನಮ್ಮ ಶಹಾಪುರದ ಗುಡ್ಡದಂಥದೇ ಒಂದು ಗೋಡೆ, ಆದರೆ ಪೂರ್ತಿ ಬರ್ಫದ್ದು, ಬಿರುಕಿನ ಒಳಗೆಲ್ಲ ನೀಲಿ. ಆ ನೀಲಿ ಬಣ್ಣದ ಸೀರೆ ನಾನು ಮೂವತ್ತು ವರ್ಷದ ವ್ಯಾಪಾರದಲ್ಲಿ ಒಂದೂ ಕಂಡಿಲ್ಲ. ಪರಿಮಳಾ ಅವರು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಗೊಲ್ಲಾಳಮ್ಮನವರ ರಟ್ಟೆ ಹಿಡಿದು ಹೊರಗೆ ಕರೆತಂದರು.

ಗೋಡೆಯ ಒಂದು ಮಗ್ಗುಲು ಜಾರಿ ನೀರಿಗೆ ಇಳಿಯಿತು. ಬೀಳುವುದು ಮೊದಲು ಕಂಡಿತು, ಸಪ್ಪಳ ಆಮೇಲೆ ಬಂತು. ಗುಡುಗಿನಂತೆ ಬಂದು ಎದೆಗೆ ತಾಗಿತು. ಜನ ಹೋ ಎಂದು ಕೂಗಿದರು. ಗೊಲ್ಲಾಳಮ್ಮನವರು ಸೆರಗು ತಲೆಗೆ ಹೊದ್ದು ಕೈ ಮುಗಿದು, "ಎಷ್ಟು ವರ್ಷದ್ದೋ ಏನೋ, ನಾ ಬರಾತನಕ ತಡದಿತ್ತು ನೋಡು" ಎಂದರು. ದೋಣಿಯ ಆಳೊಬ್ಬ ಜಾಳಿಗೆಯಿಂದ ಬರ್ಫದ ತುಂಡೊಂದನ್ನು ಎತ್ತಿ ಅವರ ಕೈಗೆ ಕೊಟ್ಟ. ನಾಲಿಗೆಗೆ ಮುಟ್ಟಿಸಿಕೊಂಡು, "ಉಪ್ಪಿಲ್ಲ" ಎಂದು ನನಗೂ ಕೊಟ್ಟರು. ಪರಿಮಳಾ ಅವರು ಸಾಕು ಎಂದಾಗ ಒಂದು ಮಾತೂ ಎದುರಾಡದೆ ಒಳಗೆ ಬಂದರು.

ಸಂಜೆ ಸುಮಾರು ಐದಕ್ಕೆ ತಿರುಗಿ ಬಂದೆವು. ಶಿವರಾಜ ಅವರು ಬಂದರಿನ ತುದಿಯಲ್ಲಿ ಬರೀ ಅಂಗಿಯಲ್ಲಿ ನಿಂತು ನಡುಗುತ್ತಿದ್ದರು. ಪರಿಮಳಾ ಅವರ ಮಾತು ಮಧ್ಯಾಹ್ನ ಮುಟ್ಟಿತಂತೆ, ಓಡಿ ಬಂದು ನೋಡಿದರೆ ತಾಯಿ ಕೋಣೆಯಲ್ಲಿಲ್ಲ, ಆಗಿನಿಂದ ಅಲ್ಲೇ ನಿಂತಿದ್ದರೆಂದು ಸಂಜುಕುಮಾರ ಹೇಳಿದರು. ತಾಯಿ ಇಳಿದ ಕೂಡಲೇ ಅವರ ಎರಡೂ ಕೈ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಪರಿಮಳಾ ಅವರ ಕಡೆ ತಿರುಗಿ, "ನಮ್ಮವ್ವಗ ಏನರ ಆಗಿದ್ರ ಯಾರಿಗಿ ಕೇಳ್ಬೇಕಿತ್ತು ನಾ?" ಎಂದು ಎಲ್ಲರ ಮುಂದೆ ಕಿರುಚಿದರು. ಪರಿಮಳಾ ಅವರು, "ಬೈರಿ ಅಣ್ಣಾರ. ನಾನೂ ಇಡೀ ದಿನ ಅಂಜಿಕೊಂಡೇ ಇದ್ದೆ" ಎಂದಷ್ಟೇ ಹೇಳಿದರು.

ಶುಕ್ರವಾರ ಎಲ್ಲರೂ ದಡದ ಮೇಲಿನ ಹಿಮನದಿ ನೋಡಲು ಹೋದೆವು. ಅಲ್ಲಿ ದಾರಿಯುದ್ದಕ್ಕೂ, ಯಾವ ವರ್ಷ ಬರ್ಫ ಎಲ್ಲಿಯ ತನಕ ಇತ್ತು ಎಂದು ವರ್ಷ ಬರೆದು ಫಲಕ ನೆಟ್ಟಿದ್ದಾರೆ. 1951 ಎಂದಿದ್ದ ಫಲಕದ ಹತ್ತಿರ, ಅದು ತಮ್ಮ ತಾಯಿ ಹುಟ್ಟಿದ ವರ್ಷವೆಂದು ಶಿವರಾಜ ಅವರೇ ಗುರುತಿಸಿ ನಿಂತರು. ಈಗ ಅಲ್ಲಿ ಗಿಡ ಬೆಳೆದಿವೆ, ಬರ್ಫ ಬಹಳ ಮೇಲಕ್ಕೆ ಹೋಗಿದೆ. ಗೊಲ್ಲಾಳಮ್ಮನವರು ಫಲಕಕ್ಕೆ ಬೆನ್ನು ಹಚ್ಚಿ ಕುಳಿತರು. ಶಿವರಾಜ ಅವರು ತಾಯಿಯ ಪಕ್ಕ ಕುಳಿತು, "ಅವ್ವಾ, ಖರೇನ ಅಂಜಿಕಿ ಬರ್ಲಿಲ್ಲೇನು ನಿನಗ?" ಎಂದು ಕೇಳಿದರು. ಅವರು, "ಬಂತು. ಅಂಜಿಕೊಂತನ ಹೋದೆ" ಎಂದರು. ತಾಯಿ ಮಗ ಬಹಳ ಹೊತ್ತು ಅಲ್ಲೇ ಇದ್ದರು. ಪರಿಮಳಾ ಅವರು ನಮ್ಮನ್ನು ಮುಂದೆ ನಡೆಸಿಕೊಂಡು ಹೋದರು.

ನಾವು ಜುಲೈ 25ಕ್ಕೆ ಊರಿಗೆ ಬಂದೆವು. ಗೊಲ್ಲಾಳಮ್ಮನವರು ಆರೋಗ್ಯವಾಗಿದ್ದರು, ನನ್ನ ಅಂಗಡಿಗೂ ಬಂದು ಹೋದರು. ಆಗಸ್ಟ್ 20ರ ಸುಮಾರಿಗೆ ಮಳೆಯಲ್ಲಿ ತೊಯ್ದು ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ನಾನು ನೋಡಲು ಹೋದಾಗ, ಒಂದು ತಿಂಗಳ ಹಿಂದಿನ ಪ್ರವಾಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಹೇಳಿದ್ದನ್ನು ಕೇಳಿದ್ದೇನೆ. ಆದರೆ ನೋಡಲು ಬಂದ ಬೀಗರು ನೆಂಟರೆಲ್ಲ, ಮುದುಕಿಯನ್ನು ಬರ್ಫದ ಸಮುದ್ರಕ್ಕೆ ಒಯ್ದರೆ ಇನ್ನೇನಾಗುತ್ತದೆ ಎಂದು ಶಿವರಾಜ ಅವರ ಕಿವಿಯಲ್ಲಿ ಊದಿದರು. ಅವರು ಆ ದಿನಗಳಲ್ಲಿ ತಾಯಿಯ ಮಂಚದ ಪಕ್ಕದಲ್ಲಿ ನೆಲದ ಮೇಲೇ ಮಲಗುತ್ತಿದ್ದರು. ಆ ಅಂಜಿಕೆಯಲ್ಲೇ ದೂರು ಬರೆದುಕೊಟ್ಟಿದ್ದಾರೆ, ಹಗೆಯಿಂದಲ್ಲ ಎಂದು ನಾನು ನಂಬುತ್ತೇನೆ. ದೂರಿನ ಸುದ್ದಿ ಹಬ್ಬಿ ಪರಿಮಳಾ ಅವರ ಕಚೇರಿಗೆ ಈಗ ಯಾರೂ ಹೋಗುತ್ತಿಲ್ಲ. ಇದ್ದ ಒಬ್ಬ ಕೆಲಸದವಳನ್ನೂ ಅವರು ಮನೆಗೆ ಕಳಿಸಿದ್ದಾರೆ. ಒಬ್ಬೊಬ್ಬರ ಮೈ ಮನಸ್ಸು ತಿಳಿದು ದಾರಿ ಆರಿಸಿಕೊಡುವಂಥ ಹೆಣ್ಣುಮಗಳು ಈ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ. ಆಕೆ ಬಾಗಿಲು ಹಾಕಿದರೆ ನಷ್ಟ ನಮ್ಮಂಥವರಿಗೇ.

ಗೊಲ್ಲಾಳಮ್ಮನವರು ಗುಣವಾಗಿ ಈಗ ಮನೆಯಲ್ಲಿದ್ದಾರೆ. ನಿನ್ನೆ ಸಂಜೆ ನಾನು ಹೋದಾಗ ಶಿವರಾಜ ಅವರೂ ಅಲ್ಲೇ ಇದ್ದರು. ದೂರಿನಲ್ಲಿ ಏನಿದೆ ಎಂದು ಮುದುಕಿ ನನ್ನನ್ನು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಮಗನಿಗೆ ಕೇಳಿಸುವ ಹಾಗೆಯೇ, ಠಾಣೆಯಲ್ಲಿ ಈ ಮಾತು ತಪ್ಪದೆ ಬರೆಸು ಎಂದು ನನಗೆ ಹೇಳಿದರು: "ಜಬರದಸ್ತಿ ಆಗಿದ್ದು ಖರೇ ಅದ ಅಂತ ಸಾಹೇಬ್ರಿಗಿ ಹೇಳು. ಮಾಡಿದಾಕಿ ನಾನು." ಶಿವರಾಜ ಅವರು ಅದನ್ನು ಅಲ್ಲಗಳೆಯಲಿಲ್ಲ. ನಾನು ಹೊರಡುವಾಗ ಬಾಗಿಲ ತನಕ ಬಂದು, ಪರಿಮಳಾ ಊರಲ್ಲಿ ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ ಎಂದೆ. ಚಪ್ಪಲಿ ಮೆಟ್ಟಿಕೊಂಡು ಅವರ ಮನೆಯ ಕಡೆಗೆ ನನ್ನ ಜೊತೆಗೇ ಹೊರಟರು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಯಾರ ಒತ್ತಡಕ್ಕೂ ಹೇಳಿದ್ದಲ್ಲ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಶಹಾಪುರ
ದಿನಾಂಕ: 9-9-2024
ಸಹಿ/- ಮಲ್ಲಿಕಮ್ಮ