ಗೌಡರ ಮನಿ ಟಿ.ವಿ.

ಆಳಂದ ಬಸ್ ನಿಲ್ದಾಣದಲ್ಲಿ ಅಫಜಲಪುರ ಬಸ್ಸು ಬರದೆ ಮಾಳಿಂಗಪ್ಪನ ಮೈ ಉರೀತಿತ್ತು. ಪಕ್ಕದ ಬೆಂಚಿನ ಮಾತು ಕಿವಿಗೆ ಬಿದ್ದದ್ದೇ ಬೈಯೋದು ಮರೆತ. ಕಡಗಂಚಿ ವಿಶ್ವವಿದ್ಯಾಲಯದಲ್ಲಿ ಓದೋ ಸೀಮಾ ತನ್ನ ಸೋದರತ್ತೆ ಬಾಳಮ್ಮನಿಗೆ ತಮ್ಮೂರಿನ ಹಳೇ ದಿನಗಳ ಬಗ್ಗೆ ಮೊಬೈಲಿನಲ್ಲಿ ಬರೆದ ಪ್ರಬಂಧ ಓದಿ ಹೇಳ್ತಿದ್ದಳು.

“‘ಟಿ.ವಿ.ಯಲ್ಲಿ ಬರುತ್ತಿದ್ದ ಆಕಾಶನೌಕೆಯ ಹಳೆಯ ಧಾರಾವಾಹಿಯನ್ನು ಇಡೀ ಊರು ಗೌಡರ ಮನೆಯಲ್ಲಿ ಒಟ್ಟಿಗೆ ಕುಳಿತು ನೋಡಿತು.’ ಹೆಂಗದ ಅತ್ತಿ?”

“ಇಡೀ ಊರ? ನಾವು ಕಿಟಕಿ ಹೊರಗ ನಿಂತಿದ್ವಲ್ಲ ಬೇ!”

“ನೋಡಿದ್ರಿಲ್ಲೋ?”

“ನೋಡಿದ್ವಿ. ಮಾತು ಒಂದೂ ಕೇಳ್ತಿದ್ದಿಲ್ಲ. ಹಸರ ಮಾರಿಯಾಕಿ ಸೊಸಿ, ಅಕಿನ್ನ ಕಾಡೋ ಕ್ಯಾಪ್ಟನ್ ಮೈದುನ ಅಂತ ನಾವೇ ಕಥಿ ಕಟ್ಟಿದ್ವಿ.”

“ಅಯ್ಯ, ಅಕಿ ಬ್ಯಾರೆ ಗ್ರಹದ ರಾಣಿ!”

“ಇರ್ಲಿ. ನಮ್ಮ ಕಥಿನೇ ಛಲೋ ಇತ್ತು.”

“ಒಳಗ ಯಾಕ ಹೋಗಲಿಲ್ಲ?”

“ಕರೀಬೇಕಲ್ಲ!”

ಈ ಸಲ ಬಸ್ಸಿನ ಮೇಲಲ್ಲ, ಆ ಗೌಡರ ಮೇಲೆ ಮಾಳಿಂಗಪ್ಪ ಹಲ್ಲು ಕಡಿದ. ಸೀಮಾಳ ದನಿ ಇಳೀತು.

“ಆ ಧಾರಾವಾಹಿಯೊಳಗ ಎಲ್ಲಾ ಗ್ರಹದವ್ರೂ ಒಂದೇ ಪಂಗ್ತ್ಯಾಗ ಉಣ್ತಾರ ಅತ್ತಿ. ಊರಿಗೆ ಅದು ಕಲಿಸ್ತು ಅಂತ ಬರದೇನಿ. ನಾಳೆ ಸರ್‌ಗೆ ಕೊಡಬೇಕು.”

“ಸುಳ್ಳ ಕೊಡ್ತೀ ಏನ? ಅಳಿಸು.”

“ಅಳಿಸಿ ಏನ ಬರೀಲಿ?”

ಕಡಗಂಚಿ ಬಸ್ಸು ಬಂತು. ಬಾಳಮ್ಮ ಸೆರಗು ಸಿಗಿಸಿ ಎದ್ದಳು.

“ಯಾರು ಒಳಗ, ಯಾರು ಹೊರಗ, ಹೆಸರ ಹಚ್ಚಿ ಬರಿ. ನಾ ಹೇಳ್ತೇನಿ ನಡಿ.”

ಸೀಮಾ ನಿಂತಲ್ಲೇ ‘ಇಡೀ ಊರು’ ಅನ್ನೋ ಸಾಲು ಅಳಿಸಿದಳು. ಅತ್ತೆ ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದ್ದಳು:

“ಬಾಳಮ್ಮ, ಹೊರಗ. ಗೌಡರ ನಾಯಿ, ಒಳಗ.”