ಆಸಿಡ್ ಇಲ್ಲದ ಅಚ್ಚು

ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ಅತಿಥಿಗಳೇ, ವಿದ್ಯಾರ್ಥಿಗಳೇ, ಸಭಿಕರೇ,

ನಿವೃತ್ತ ಮೇಷ್ಟರನ್ನು ಕರೆದು ವೇದಿಕೆಯ ಮೇಲೆ ಕೂರಿಸಿ, ನಮ್ಮ ಕಲಾಶಾಲೆಯ ಹೊಸ ಎಚ್ಚಿಂಗ್ ವಿಧಾನವನ್ನು ಹೊಗಳಿ ಎಂದಿದ್ದೀರಿ. ಹೊಗಳುವುದಕ್ಕೆ ಅದರಲ್ಲಿ ಏನಿದೆ? ಸತುವಿನ ತಗಡಿಗೆ ಮೇಣ ಬಳಿದು, ಸೂಜಿಯಿಂದ ಚಿತ್ರ ಗೀರಿ, ಆಸಿಡ್ಡಿನಲ್ಲಿ ಅದ್ದುವುದು ನಾವು ಕಲಿತ ವಿದ್ಯೆ. ಗೀರಿದಲ್ಲೆಲ್ಲ ಆಸಿಡ್ ಲೋಹವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ ಕಾಗದ ಒತ್ತಿದರೆ ಅಚ್ಚು. ಈಗ ಆಸಿಡ್ಡೇ ಬೇಡವಂತೆ. ನೀರಿಗೆ ಉಪ್ಪು, ಮೈಲುತುತ್ತ ಹಾಕಿದರೆ ಸಾಕಂತೆ. ಇದು ಕಲೆಯೋ, ಉಪ್ಪಿನಕಾಯಿಯೋ?

ನೋಡದೆ ಬೈಯುವವನು ನಾನಲ್ಲ. ಮಾಡಿ ನೋಡಿ ಬೈಯುತ್ತೇನೆ. ಮೊನ್ನೆ ಮನೆಯಲ್ಲೇ ಮಾಡಿದೆ. ಗೆರೆ ಒರಟು, ತಟ್ಟೆಯ ತಳದಲ್ಲಿ ಕೆಸರಿನಂಥ ಗಸಿ. ಅದಕ್ಕಿಂತ ಕೆಟ್ಟದ್ದೆಂದರೆ, ವಾಸನೆಯೇ ಇಲ್ಲ.

ವಾಸನೆಯ ಬೆಲೆ ನಿಮಗೇನು ಗೊತ್ತು? ಆಸಿಡ್ಡಿನ ಹೊಗೆಗೆ ನನ್ನ ಹೆಂಡತಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಮದುವೆಯಾದಾಗಿನಿಂದ ನನ್ನ ಕೆಲಸದ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಕಾಫಿ ಕೂಡ ಹೊಸ್ತಿಲಾಚೆಯೇ. ಎಂಥ ನೆಮ್ಮದಿ. ಮೊನ್ನೆ ಏನಾಯಿತು? ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. ಆಗತಾನೇ ಒತ್ತಿ ತೆಗೆದ ಅಚ್ಚನ್ನು ಕೈಗೆತ್ತಿಕೊಂಡಳು. ಅವಳದೇ ಮುಖ. ಎಷ್ಟೋ ಸಲ ಕೊರೆದ ಮುಖ, ನೋಡದೆಯೇ ಕೊರೆಯಬಲ್ಲ ಮುಖ.

"ರೀ, ಮಚ್ಚೆ ಬಲಗೆನ್ನೆ ಮೇಲೆ ಹಾಕಿದ್ದೀರಲ್ಲ. ನಂಗಿರೋದು ಎಡಗಡೆ."

"ಬಲಗಡೆನೇ. ನಂಗೊತ್ತಿಲ್ವಾ?" ಎಂದು ವಾದಿಸಿದೆ. ಅವಳು ಮಚ್ಚೆಯಿದ್ದ ಎಡಗೆನ್ನೆಯನ್ನು ದೀಪಕ್ಕೆ ತಿರುಗಿಸಿದಳು.

ತಗಡಿನಲ್ಲಿ ಗೀರಿದ್ದೆಲ್ಲ ಅಚ್ಚಿನಲ್ಲಿ ಎಡಬಲ ತಿರುಗುತ್ತದೆ ಎಂದು ಇದೇ ಶಾಲೆಯಲ್ಲಿ ಜೀವಮಾನವಿಡೀ ಪಾಠ ಹೇಳಿದವನು ನಾನು. ಅಚ್ಚಿನ ಮುಖವನ್ನೇ ನೋಡಿ ನೋಡಿ ಅದೇ ಅವಳ ಮುಖವೆಂದುಕೊಂಡಿದ್ದೆ. "ಹೋಗ್ಲಿ ಬಿಡಿ, ಈಗ ನೋಡ್ಕೊಳ್ಳಿ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇದು ನೋಡಿ ನಿಮ್ಮ ಹೊಸ ವಿಧಾನದ ಹಾವಳಿ. ಆಸಿಡ್ ಇದ್ದಾಗ ಒಳಗೆ ಬಂದು ತಪ್ಪು ಹಿಡಿಯುವವರೇ ಇರಲಿಲ್ಲ. ಗೆರೆ ಒರಟು ಎಂಬ ನನ್ನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಆದರೆ ಮನೆಯಲ್ಲಿದ್ದ ಆಸಿಡ್ ಸೀಸೆಗಳನ್ನು ಬೆಳಗ್ಗೆ ನಿಮ್ಮ ಉಗ್ರಾಣಕ್ಕೆ ಕೊಟ್ಟಿದ್ದೇನೆ. ದಯವಿಟ್ಟು ವಾಪಸ್ ಕಳಿಸಬೇಡಿ.

ಕರೆದವರಿಗೂ ಕೇಳಿದವರಿಗೂ ಆಕಳಿಸಿದವರಿಗೂ ಧನ್ಯವಾದಗಳು. ಊಟಕ್ಕೆ ನಿಲ್ಲಲಾರೆ, ಮನೆಯಲ್ಲಿ ಕೆಲಸದ ಕೋಣೆಯೊಳಗೆ ಅವಳು ಕಾದು ಕೂತಿರುತ್ತಾಳೆ, ಈ ಸಲ ನೋಡಿಕೊಂಡು ಗೀರಬೇಕು. ನಮಸ್ಕಾರ.